ಕುಬ್ಜ ಸಿಕ್ಲಿಡ್ ಮೀನುಗಳು: ಗುರುತು ಮತ್ತು ಪಾಲನೆ

ತುಂಗೆಯ ದಡದ ಶಿವಮೊಗ್ಗ, ಭದ್ರೆಯ ದಡದ ಭದ್ರಾವತಿ ಈ ಎರಡು ಊರುಗಳ ವಿದ್ಯಾರ್ಥಿಗಳಿಗೂ ‘ಜಿಲೇಬಿ’ ಮೀನು ಅಪರಿಚಿತವಲ್ಲ. ೧೯೫೨ರಲ್ಲಿ ಭಾರತಕ್ಕೆ ಬಂದ, ಆಫ್ರಿಕಾ ಮೂಲದ ಈ ತಿಲಾಪಿಯವು ಸಿಕ್ಲಿಡ್ ಎಂಬ ಕುಟುಂಬಕ್ಕೆ ಸೇರಿದುದು. ಇದೇ ಕುಟುಂಬದ ಕೆಲವು ಪುಟ್ಟ ಪ್ರಭೇದಗಳು ದಕ್ಷಿಣ ಅಮೆರಿಕದ ಅಮೆಜಾನ್, ಒರಿನೊಕೊ ಮುಂತಾದ ನದೀ ಪ್ರದೇಶಗಳಲ್ಲಿವೆ. ಸಾಮಾನ್ಯವಾಗಿ ಹತ್ತು ಸೆಂಟಿಮೀಟರು ಮೀರದ ಇವನ್ನು ಕುಬ್ಜ ಸಿಕ್ಲಿಡ್‌ಗಳೆಂದು ಕರೆಯುತ್ತಾರೆ. ಮನೆಯ ಗಾಜಿನ ತೊಟ್ಟಿಯಲ್ಲಿ ಇವನ್ನು ಸಾಕಬಯಸುವವರು ಮೊದಲು ಕಲಿಯಬೇಕಾದುದು ಗುರುತಿಸುವ ಬಗೆ. ಹೆಸರು ತಪ್ಪಿದರೆ ಆರೈಕೆಯೂ ತಪ್ಪುತ್ತದೆ.

ಗುರುತಿನ ಲಕ್ಷಣಗಳು

‘ರ‍್ಯಾಮ್’ ಎಂಬ ಹೆಸರು ಎರಡು ಪ್ರಭೇದಗಳಿಗೆ ಸಲ್ಲುತ್ತದೆ. ಮೊದಲನೆಯದು, ೧೯೪೮ರಲ್ಲಿ ಮೈಯರ್ಸ್ ಮತ್ತು ಹ್ಯಾರಿ ವಿವರಿಸಿದ ರಮಿರೇಜಿ. ಹಳದಿ ಮೈಮೇಲೆ ನೀಲಿ ಚುಕ್ಕೆಗಳು, ಕಣ್ಣನ್ನು ಹಾದುಹೋಗುವ ಕಪ್ಪು ಪಟ್ಟೆ, ಪಕ್ಕದಲ್ಲಿ ಒಂದು ಕಪ್ಪು ಮಚ್ಚೆ ಇದರ ಲಕ್ಷಣಗಳು. ಬಲಿತ ಹೆಣ್ಣಿನ ಹೊಟ್ಟೆ ಗುಲಾಬಿ ಬಣ್ಣದ್ದು. ಎರಡನೆಯದಾದ ಬೊಲಿವಿಯದ ರ‍್ಯಾಮ್ ತುಸು ದೊಡ್ಡದು. ಅದರ ಮೈ ಬೂದುಗಂದು, ಬಾಲದ ತುದಿಗಳು ಎಳೆಯಂತೆ ನೀಳ. ಮೊದಲನೆಯದಕ್ಕೆ ೨೭ರಿಂದ ೩೦ ಡಿಗ್ರಿ ಸೆಲ್ಸಿಯಸ್‌ನ ಬೆಚ್ಚನೆಯ ನೀರು ಬೇಕು. ಎರಡನೆಯದಕ್ಕೆ ೨೫ ಡಿಗ್ರಿ ಸಾಕು. ಒಂದನ್ನು ಇನ್ನೊಂದೆಂದು ಬಗೆದು ತಂದವರ ತೊಟ್ಟಿಯಲ್ಲಿ ಪುಷ್ಯಮಾಸದ ಚಳಿಗೆ ರಮಿರೇಜಿ ಸೊರಗುವುದು ಆಶ್ಚರ್ಯವಲ್ಲ.

ಎಪಿಸ್ಟೊಗ್ರಾಮ ಕುಲದಲ್ಲಿ ತೊಂಬತ್ತಕ್ಕೂ ಹೆಚ್ಚು ಪ್ರಭೇದಗಳಿವೆ. ಗಂಡು ಅಗಾಸಿಜಿಯ ಬಾಲ ಭರ್ಜಿಯ ಮೊನೆಯಂತೆ ಚೂಪಾಗಿರುತ್ತದೆ. ಗಂಡು ಕಾಕಟುವಾಯ್ಡಿಸ್‌ನ ಬೆನ್ನಿನ ಈಜುರೆಕ್ಕೆಯ ಮುಂದಿನ ಕಡ್ಡಿಗಳು ಕಾಕಟೂ ಗಿಳಿಯ ಜುಟ್ಟಿನಂತೆ ನಿಲ್ಲುತ್ತವೆ. ಹೆಣ್ಣುಗಳು ಚಿಕ್ಕವು, ಮಂಕು ಬಣ್ಣದವು. ಆದರೆ ಮೊಟ್ಟೆ ಕಾಯುವಾಗ ಅದೇ ಹೆಣ್ಣು ಅರಿಶಿನದಂತೆ ಹೊಳೆಯುತ್ತ, ತನಗಿಂತ ದೊಡ್ಡದಾದ ಗಂಡನ್ನೂ ಅಟ್ಟಿಬಿಡುತ್ತದೆ.

ನೀರು ಮತ್ತು ನೆಲೆ

ಒಂದು ಜೋಡಿಗೆ ೬೦ ಸೆಂಟಿಮೀಟರು ಉದ್ದ, ೩೦ ಅಗಲ, ೩೦ ಎತ್ತರದ, ಅಂದರೆ ಸುಮಾರು ೫೪ ಲೀಟರಿನ ತೊಟ್ಟಿ ಸಾಕು. ಇವಕ್ಕೆ ಮೆದು ನೀರು ಹಿತ. ಕೊಳವೆಬಾವಿಯ ಗಡಸು ನೀರು ಒಗ್ಗುವುದು ಕಷ್ಟ. ನಲ್ಲಿಯ ನೀರಾದರೆ ಅದರಲ್ಲಿನ ಕ್ಲೋರಿನ್ನನ್ನು ಮೊದಲು ನಿವಾರಿಸಬೇಕು. ತಳಕ್ಕೆ ತೊಳೆದ ನುಣ್ಣನೆಯ ಮರಳು, ಅಡಗಲು ಕುದಿಸಿ ತೊಳೆದ ತೆಂಗಿನ ಕರಟ, ಕಾಡುಬಾದಾಮಿಯ ಕೆಲವು ಒಣ ಎಲೆಗಳು ಇಷ್ಟೇ ಸಾಮಗ್ರಿ. ಎಪಿಸ್ಟೊಗ್ರಾಮ ಕರಟದ ಒಳಮೈಗೆ ಮೊಟ್ಟೆ ಅಂಟಿಸುತ್ತದೆ. ರ‍್ಯಾಮ್ ಚಪ್ಪಟೆ ಕಲ್ಲನ್ನು ಆರಿಸಿಕೊಳ್ಳುತ್ತದೆ.

ಹೊಸ ತೊಟ್ಟಿಗೆ ಕೂಡಲೇ ಮೀನು ಬಿಡಲಾಗದು. ಮೀನಿನ ಮಲದಿಂದ ಹುಟ್ಟುವ ಅಮೋನಿಯ ವಿಷವನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟು ಅಪಾಯಕರವಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಗಳು ಶೋಧಕದಲ್ಲಿ ನೆಲೆಗೊಳ್ಳಲು ನಾಲ್ಕಾರು ವಾರ ಬೇಕು. ಅನಂತರವೂ ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಬೇಕು.

ಸಾಕುವವನ ಹೊಣೆ

ಸಾಕಲಾಗದ ಮೀನನ್ನು ಹೊಳೆಗೆ ಬಿಡುವುದು ದಯೆಯೆಂದು ಹಲವರ ಭಾವನೆ. ಪರಿಚಯವಿಲ್ಲದ ನೀರಿನಲ್ಲಿ ಅದು ಸಾಯಬಹುದು. ಬದುಕಿದರೆ ಸ್ಥಳೀಯ ಮೀನುಗಳ ಆಹಾರಕ್ಕೆ ಪೈಪೋಟಿಯೊಡ್ಡಬಹುದು, ರೋಗ ಹರಡಬಹುದು. ಹೊರಗಿನಿಂದ ಬಂದ ಜಿಲೇಬಿ ಕೆರೆ, ಜಲಾಶಯಗಳಲ್ಲಿ ಬೇರೂರಿರುವುದೇ ಇದಕ್ಕೆ ಎಚ್ಚರಿಕೆ. ಶೃಂಗೇರಿಯಲ್ಲಿ ಭಕ್ತರು ಕಾಪಾಡಿಕೊಂಡು ಬಂದ ದೇವರ ಮೀನುಗಳು ಬಾಳುವ ತುಂಗೆಯೇ ಶಿವಮೊಗ್ಗಕ್ಕೂ ಹರಿದುಬಂದು, ಕೂಡಲಿಯಲ್ಲಿ ಭದ್ರೆಯನ್ನು ಸೇರುತ್ತದೆ. ಬೇಡವಾದ ಮೀನನ್ನು ಮತ್ತೊಬ್ಬ ಸಾಕುವವನಿಗೆ ಒಪ್ಪಿಸುವುದೇ ಸರಿಯಾದ ದಾರಿ. ತೊಟ್ಟಿಯೊಳಗಿನ ಜೀವಕ್ಕೂ ಹೊಳೆಯೊಳಗಿನ ಜೀವಕ್ಕೂ ಒಂದೇ ಬಗೆಯ ದಯೆ ತೋರುವ ವಿದ್ಯಾರ್ಥಿಯೇ ಈ ಪಾಠವನ್ನು ಪೂರ್ತಿಯಾಗಿ ಕಲಿತವನು.