ಪಲ್ಲಾವರಂ ಶಿಲೆ ಮತ್ತು ವಿಜ್ಞಾನದ ಮಿತಿ

ಚೆನ್ನೈನ ಪಲ್ಲಾವರಂ ಗುಡ್ಡಗಳ ಕಪ್ಪುಛಾಯೆಯ ಶಿಲೆಯೇ ಚಾರ್ನೊಕೈಟ್. ಕೋಲ್ಕತ್ತಾದಲ್ಲಿರುವ, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜಾಬ್ ಚಾರ್ನಾಕ್‌ನ ಸಮಾಧಿಗಲ್ಲು ಇದೇ ಬಗೆಯದು. ಭೂವಿಜ್ಞಾನಿ ಥಾಮಸ್ ಹಾಲೆಂಡ್ 1893ರಲ್ಲಿ ಚಾರ್ನಾಕ್‌ನ ಹೆಸರನ್ನೇ ಶಿಲೆಗಿಟ್ಟರು. ಕ್ವಾರ್ಟ್ಸ್, ಫೆಲ್ಡ್‌ಸ್ಪಾರ್, ಹೈಪರ್‌ಸ್ತೀನ್ ಇದರ ಮುಖ್ಯ ಖನಿಜಗಳು. ಹಾಲೆಂಡ್ ಇದನ್ನು ಅಗ್ನಿಶಿಲೆ ಎಂದು ಭಾವಿಸಿದ್ದರು. ಆದರೆ ಕನಕಪುರ ಬಳಿಯ ಕಬ್ಬಾಳದುರ್ಗದಲ್ಲಿ ನೈಸ್ ಎಂಬ ರೂಪಾಂತರಿತ ಶಿಲೆಯೇ ಚಾರ್ನೊಕೈಟ್ ಆಗಿ ಮಾರ್ಪಟ್ಟಿರುವುದನ್ನು ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು 1960ರಲ್ಲಿ ವಿವರಿಸಿದರು. ಇಂಥ ವಿವಾದಗಳನ್ನು ಪುರಾವೆಗಳಿಂದ ಬಗೆಹರಿಸಬಹುದು.

ಶಿಲೆ ಮೂಲತಃ ಏನು ಎಂಬ ಪ್ರಶ್ನೆ ಇನ್ನೂ ಆಳದ್ದು, ಅದನ್ನು ಇಂಥ ವಿವಾದಗಳೊಂದಿಗೆ ಬೆರೆಸಬಾರದು. ಖನಿಜವನ್ನು ಪರಮಾಣುಗಳಿಂದ, ಪರಮಾಣುವನ್ನು ಎಲೆಕ್ಟ್ರಾನ್ ಮತ್ತು ಕ್ವಾರ್ಕ್‌ಗಳಿಂದ ವಿವರಿಸಬಹುದು. ಎಲೆಕ್ಟ್ರಾನಿನ ದ್ರವ್ಯರಾಶಿ, ವಿದ್ಯುದಾವೇಶ, ಸ್ಪಿನ್ ಎಲ್ಲವೂ ಅದರ ವರ್ತನೆಯಿಂದ ತಿಳಿದ ಗುಣಗಳೇ. ಹಾಗೆ ವರ್ತಿಸುವ ವಸ್ತುವಿನ ಸ್ವರೂಪ ಅವುಗಳಲ್ಲಿಲ್ಲ. ಭೌತವಿಜ್ಞಾನ ಜಗತ್ತಿನ ರಚನೆಯನ್ನಷ್ಟೇ ತಿಳಿಸುತ್ತದೆ ಎಂದು ತತ್ವಜ್ಞಾನಿ ಬರ್ಟ್ರಂಡ್ ರಸೆಲ್ 1927ರ ‘ದಿ ಅನಾಲಿಸಿಸ್ ಆಫ್ ಮ್ಯಾಟರ್’ ಕೃತಿಯಲ್ಲಿ ವಾದಿಸಿದರು.