ನೂಲಿನ ದಾರಿ, ಗಾಳಿಯ ದಾರಿ

ಕಲಬುರಗಿ ನಗರಕ್ಕೆ ಸೇರಿಕೊಂಡಿರುವ ಕುಸನೂರದ ಮನೆಯೊಂದರ ಮಗ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ದುಡಿಯುತ್ತಿದ್ದಾನೆಂದು ಭಾವಿಸೋಣ. ತಂದೆ ಹಾಸಿಗೆ ಹಿಡಿದ ಸುದ್ದಿ ದೂರವಾಣಿಯ ಮೂಲಕ ಕ್ಷಣಾರ್ಧದಲ್ಲಿ ಅವನನ್ನು ಮುಟ್ಟುತ್ತದೆ. ಆದರೆ ಮಗ ಬಂದು ತಂದೆಯ ಕೈ ಹಿಡಿಯುವುದು ಯಾವಾಗ? ಈ ಲೆಕ್ಕಕ್ಕೆ ಮನೆಯವರು ಗೋಡೆಯ ಭೂಪಟವನ್ನು ನಂಬಿದರೆ ಮೋಸಹೋಗುತ್ತಾರೆ. ಅದರ ಮೇಲೆ ಅಳತೆಪಟ್ಟಿಯಿಟ್ಟು ಎಳೆದ ಗೆರೆ ಅಟ್ಲಾಂಟಿಕ್ ಸಾಗರವನ್ನೂ ಸಹಾರಾ ಮರುಭೂಮಿಯನ್ನೂ ಹಾಯ್ದು ಬೆಂಗಳೂರನ್ನು ಸೇರುತ್ತದೆ. ನೋಡಲು ನೇರವಾದ ಆ ದಾರಿಯ ಉದ್ದ ಸುಮಾರು 20,000 ಕಿಲೋಮೀಟರು!

ಭೂಗೋಲವನ್ನು ತೆಗೆದುಕೊಂಡು ಎರಡು ಊರುಗಳ ನಡುವೆ ನೂಲೊಂದನ್ನು ಬಿಗಿಯಾಗಿ ಎಳೆದು ನೋಡಬೇಕು. ನೂಲು ತಾನಾಗಿಯೇ ಉತ್ತರಕ್ಕೆ ಸರಿದು, ಅಲಾಸ್ಕಾ ಹಾಗೂ ಸೈಬೀರಿಯಾಗಳ ಮೇಲೆ ಹಾಯ್ದು, ಟಿಬೆಟ್ಟಿನ ಕಡೆಯಿಂದ ಭಾರತಕ್ಕೆ ಇಳಿಯುತ್ತದೆ. ಈಗ ದೂರ ಸುಮಾರು 14,000 ಕಿಲೋಮೀಟರು ಮಾತ್ರ. ಗುಂಡಗಿನ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸುವಾಗ ಒದಗಿದ ವಿಕಾರವೇ ಮೊದಲಿನ ಭ್ರಮೆಗೆ ಕಾರಣ.

ಆದರೂ ವಿಮಾನಚಾಲಕರು ನೂಲಿಗೆ ಕಟ್ಟುಬೀಳುವವರಲ್ಲ. ಭೂಮಿಯಿಂದ ಹತ್ತು ಕಿಲೋಮೀಟರು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದ ಗಾಳಿಯ ಹೊಳೆಯೊಂದು ಹರಿಯುತ್ತಿರುತ್ತದೆ. ಅದಕ್ಕೆ ಎದುರಾಗಿ ಹೋಗುವುದಕ್ಕಿಂತ ಬಳಸಿ ಹೋಗುವುದರಲ್ಲಿ ಇಂಧನ ಉಳಿಯುವುದುಂಟು. ಟಿಬೆಟ್ಟಿನ ಪ್ರಸ್ಥಭೂಮಿಯ ತೊಡಕು ಬೇರೆ ಬಗೆಯದು. ವಿಮಾನದೊಳಗಿನ ಗಾಳಿಯ ಒತ್ತಡ ತಪ್ಪಿದರೆ ತಕ್ಷಣ ಸುಮಾರು ಮೂರು ಕಿಲೋಮೀಟರು ಎತ್ತರಕ್ಕೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರ! ಇನ್ನು ಧ್ರುವದ ಬಳಿ ದಿಕ್ಸೂಚಿಯ ಮುಳ್ಳನ್ನು ನಂಬುವಂತಿಲ್ಲ. ಇಂಧನ ಹೆಪ್ಪುಗಟ್ಟದಂತೆಯೂ ಎಚ್ಚರ ವಹಿಸಬೇಕು.

2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲರ ನೇತೃತ್ವದಲ್ಲಿ ಮಹಿಳೆಯರೇ ನಡೆಸಿದ ಏರ್ ಇಂಡಿಯಾ ವಿಮಾನವು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾರಿ, ಎಲ್ಲೂ ತಂಗದೆ, ಸುಮಾರು 17 ಗಂಟೆಗಳಲ್ಲಿ ಬೆಂಗಳೂರನ್ನು ತಲುಪಿತು. ಅದು ಹೊರಟದ್ದು 9ನೆಯ ತಾರೀಖಿನ ರಾತ್ರಿ. ಇಳಿದದ್ದು 11ರ ಬೆಳಗಿನ ಜಾವ. ನಡುವಣ 10ನೆಯ ತಾರೀಖು ಎಲ್ಲಿ ಹೋಯಿತು? ಭೂಮಿಯು ಒಂದು ರೇಖಾಂಶದಷ್ಟು ತಿರುಗಲು ನಾಲ್ಕು ನಿಮಿಷ ಬೇಕು. ಆದ್ದರಿಂದ ಊರಿಂದೂರಿಗೆ ಹೊತ್ತು ಬೇರೆ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ 9ರ ರಾತ್ರಿ ಎಂಟೂವರೆಯಾದಾಗ ಇಲ್ಲಿ ಆಗಲೇ 10ರ ಬೆಳಗಿನ ಹತ್ತು ಗಂಟೆ. ಅದಕ್ಕೆ ಹದಿನೇಳು ಗಂಟೆ ಕೂಡಿಸಿದರೆ ಲೆಕ್ಕ ಸರಿಹೋಗುತ್ತದೆ. ಜನವರಿಯಲ್ಲಿ ಧ್ರುವಕ್ಕೆ ಸೂರ್ಯೋದಯವಿಲ್ಲವಾದ್ದರಿಂದ ಆ ಪ್ರಯಾಣಿಕರಿಗೆ ದಾರಿಯುದ್ದಕ್ಕೂ ಒಂದೇ ರಾತ್ರಿ. ಕುಸನೂರದಲ್ಲಿ ಮಾತ್ರ ಅದೇ ಅವಧಿಯಲ್ಲಿ ಹಗಲು ಏರಿ, ಇಳಿದು, ಮನೆಮನೆಗಳಲ್ಲಿ ದೀಪ ಹೊತ್ತಿರುತ್ತದೆ.

ಹೀಗೆ ಉತ್ತರದಿಂದ ಬರುವ ಮಗ ಕಲಬುರಗಿಯ ಅಕ್ಷಾಂಶವನ್ನು ದಾಟಿಯೇ ಬೆಂಗಳೂರಿಗೆ ಇಳಿಯುತ್ತಾನೆ. ಮತ್ತೆ ಉತ್ತರಕ್ಕೆ ತಿರುಗಬೇಕು. ನೂಲಿನ ಅಳತೆಯಲ್ಲಿ ಉಳಿದದ್ದು ಸುಮಾರು 465 ಕಿಲೋಮೀಟರು. 2019ರ ನವೆಂಬರ್ 22ರಂದು ಶ್ರೀನಿವಾಸ ಸರಡಗಿಯ ಬಳಿ ಕಲಬುರಗಿಯ ವಿಮಾನ ನಿಲ್ದಾಣ ತೆರೆದಾಗ ಈ ದೂರ ಸುಮಾರು ಒಂದು ಗಂಟೆಯ ಹಾರಾಟವಾಯಿತು. ವಿಮಾನ ದೊರೆಯದ ದಿನ ರೈಲೇ ಗತಿ. ಗುಂತಕಲ್ಲು, ರಾಯಚೂರು, ವಾಡಿಗಳನ್ನು ಹಾಯ್ದು ಅದು ಬರುವಷ್ಟರಲ್ಲಿ ಇನ್ನೊಂದು ರಾತ್ರಿ ಕಳೆದಿರುತ್ತದೆ.