ಬೂಟು ಬಿಚ್ಚಿಟ್ಟ ಮೇಲೂ ಆಟವಿದೆ

ಮೂವತ್ತು ದಾಟಿದರೆ ಆಟಗಾರನ ಮೈ ಅವನ ಮಾತು ಕೇಳುವುದಿಲ್ಲ. ಆದರೆ ಆಟವನ್ನು ಓದಬಲ್ಲ ಕಣ್ಣಿಗೆ ಮುಪ್ಪಿಲ್ಲ. ಆ ಕಣ್ಣಿಗೆ ತಂಡದ ಆಡಳಿತ ಕಚೇರಿಯಲ್ಲಿ ಬೆಲೆಯಿದೆ.

ಅಮೆರಿಕನ್ ಫುಟ್‌ಬಾಲ್‌ನ ಓಝಿ ನ್ಯೂಸಮ್ ಅವರನ್ನೇ ನೋಡಿ. 1978ರಿಂದ 1990ರವರೆಗೆ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ತಾರೆಯಾಗಿದ್ದವರು, ನಿವೃತ್ತಿಯ ನಂತರ ಅದೇ ತಂಡದಲ್ಲಿ ಪ್ರತಿಭೆ ಹುಡುಕುವ ಸ್ಕೌಟ್ ಆಗಿ ಹೊಸದಾಗಿ ಅ ಆ ಇ ಈ ಕಲಿತರು. 1996ರಲ್ಲಿ ತಾವು ಸೇರಿದ ಬಾಲ್ಟಿಮೋರ್ ರೇವನ್ಸ್‌ನ ಹೊಸಬರನ್ನು ತಂಡಕ್ಕೆ ತೆಗೆದುಕೊಳ್ಳುವ ಮೊದಲ ಡ್ರಾಫ್ಟ್‌ನಲ್ಲಿ ಜೊನಾಥನ್ ಆಗ್ಡನ್, ರೇ ಲೂಯಿಸ್ ಅವರನ್ನು ಆರಿಸಿದರು. ಇಬ್ಬರೂ ಮುಂದೆ ಹಾಲ್ ಆಫ್ ಫೇಮ್ ಸೇರಿದರು. 2002ರಲ್ಲಿ ನ್ಯೂಸಮ್ ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಮೊದಲ ಕಪ್ಪು ವರ್ಣೀಯ ಜನರಲ್ ಮ್ಯಾನೇಜರ್ ಆದರು. ಇನ್ನೊಬ್ಬ ಮಾಜಿ ಆಟಗಾರ ಜಾನ್ ಎಲ್ವೆ ಕೂಡ ಡೆನ್ವರ್ ಬ್ರಾಂಕೋಸ್‌ನ ಚುಕ್ಕಾಣಿ ಹಿಡಿಯುವ ಮೊದಲು ಒಳಾಂಗಣ ಲೀಗ್‌ನ ಸಣ್ಣ ತಂಡವೊಂದನ್ನು ನಡೆಸಿ ಪಳಗಿದ್ದರು.

ಹಾಗಾಗಿ ಆಡುವ ಗೆಳೆಯರೇ, ತಯಾರಿ ಇಂದೇ ಶುರುವಾಗಲಿ. ನಿಮ್ಮ ಒಪ್ಪಂದವನ್ನು ಏಜೆಂಟ್‌ಗೆ ಬಿಟ್ಟು ಕೈಕಟ್ಟಿ ಕೂರಬೇಡಿ, ಸಾಲುಸಾಲಾಗಿ ಓದಿ. ವೇತನದ ಮಿತಿಯೊಳಗೆ ತಂಡ ಕಟ್ಟುವ ಲೆಕ್ಕ ಅಲ್ಲೇ ಅರ್ಥವಾಗುತ್ತದೆ. ಎದುರಾಳಿಯ ಬಲ, ದೌರ್ಬಲ್ಯಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸ್ಕೌಟ್‌ನ ಕೆಲಸದ ಜೀವಾಳ ಅಂಥ ಬರವಣಿಗೆಯೇ. ಮೊದಲ ಹುದ್ದೆ ಸಣ್ಣದು, ಸಂಬಳ ಕಡಿಮೆ ಎಂದು ಬೇಸರಿಸಬೇಡಿ.

ಇನ್ನೊಂದು ಮಾತು. ಒಂದು ದಿನ ಜೊತೆಗಾರನನ್ನೇ ತಂಡದಿಂದ ಕೈಬಿಡಬೇಕಾದೀತು. ಆಗ ಸುದ್ದಿಯನ್ನು ನೀವೇ ಎದುರು ಕೂತು ಹೇಳಿ. ಆಟಗಾರನ ನೋವು ಬಲ್ಲ ಅಧಿಕಾರಿ ತಂಡಕ್ಕೆ ದೊಡ್ಡ ಆಸ್ತಿ.